ಸೋಮವಾರದ ಚಕ್ಕಡಿಗಳು

ಬಾಗಲಕೋಟೆಗೆ ಹೋಗುವ ಮೊದಲನೇ ಬಸ್ಸಿನಿಂದ ಹುಲ್ಲಪ್ಪನನ್ನು ಇಳಿಸಿ, ಅವನ ಚೀಲದಲ್ಲಿದ್ದ ಅರ್ಜಿಯನ್ನು ಪೊಲೀಸರು ಕಸಿದುಕೊಂಡರು. ಅರ್ಜಿಯಲ್ಲಿ ಇನ್ನೂರ ಹನ್ನೆರಡು ಕಲ್ಲುಗಣಿ ಕೂಲಿಗಳ ಹೆಬ್ಬೆಟ್ಟಿದ್ದವು. ಹುಲ್ಲಪ್ಪನನ್ನು ಹನ್ನೊಂದು ದಿನ ಒಳಗಿಟ್ಟರು. ಅರ್ಜಿ ತಿರುಗಿ ಬರಲಿಲ್ಲ.

ಇದು ನಡೆದದ್ದು 1988ರ ಚಳಿಗಾಲದಲ್ಲಿ, ಕೆಂಪಗುಡ್ಡದಲ್ಲಿ. ಇಳಕಲ್ಲಿಗೆ ಐದು ಮೈಲಿ ದೂರದ ಊರು. ಅರ್ಧ ಊರು ಸೀರೆ ನೇಯುತ್ತದೆ, ಇನ್ನರ್ಧ ಕಲ್ಲು ಕಡಿಯುತ್ತದೆ. ಅಲ್ಲಿಯ ಕೆಂಪು ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ, ಅದರ ಧೂಳು ಮಾತ್ರ ಕಡಿದವರ ಎದೆಯಲ್ಲೇ ಉಳಿಯುತ್ತದೆ. ಆ ವರ್ಷ ಮೂವರು ಕೆಮ್ಮಿ ಕೆಮ್ಮಿ ಸತ್ತಿದ್ದರು. ಸರ್ಕಾರದ ಡಾಕ್ಟರು ಬಂದು ಎಲ್ಲರ ಎದೆ ನೋಡಲಿ, ದವಾಖಾನಿಯ ಖರ್ಚು ಗಣಿ ಮಾಲಕರು ಕೊಡಲಿ ಎಂದಷ್ಟೇ ಅರ್ಜಿಯಲ್ಲಿ ಬರೆದಿತ್ತು. ಬಾಗಲಕೋಟೆಗೆ ಆ ದಿನ ಬರಲಿದ್ದ ಕಾರ್ಮಿಕ ಅಧಿಕಾರಿಯ ಕೈಗೆ ಅದನ್ನು ಕೊಡಲು ಕೂಲಿಗಳ ಮುಂದಾಳು ಹುಲ್ಲಪ್ಪ ಹೊರಟಿದ್ದ.

ಹುಲ್ಲಪ್ಪ ಯಾವಾಗಲೂ ಹತ್ತು ಗಂಟೆಯ ಬಸ್ಸಿಗೆ ಹೋಗುವವನು. ಅವತ್ತು ಮೊದಲನೇ ಬಸ್ಸಿಗೆ ಹೋಗಬೇಕೆಂದು ಗೊತ್ತಾದದ್ದು ಹಿಂದಿನ ದಿನ ಮಧ್ಯಾಹ್ನ, ನೇಕಾರರ ವಾಚನಾಲಯದ ಫೋನಿನಲ್ಲಿ. ಫೋನು ಮಾಡಿದವನು ವಾಚನಾಲಯ ನೋಡಿಕೊಳ್ಳುವ ಮುರ್ತುಜಸಾಬ. ಆ ಕಡೆ ಮಾತಾಡಿದವನು ಬಾಗಲಕೋಟೆಯಲ್ಲಿ ವಕೀಲರೊಬ್ಬರ ಹತ್ತಿರ ಟೈಪು ಹೊಡೆಯುವ ಜಹಾಂಗೀರ. ಪಕ್ಕದಲ್ಲಿ ನಿಂತು ಕೇಳಿದವನು ಹುಲ್ಲಪ್ಪ. ಈ ಮೂವರ ಹೊರತು ನಾಲ್ಕನೆಯವಳೊಬ್ಬಳಿದ್ದಳು. ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೋರ್ಡಿನ ಮುಂದೆ ಕೂತು, ಕಿವಿಗೆ ಕೇಳುಗೊಳವಿ ಕಟ್ಟಿಕೊಂಡು, ಈ ನಂಬರಿನ ತಂತಿಯನ್ನು ಆ ನಂಬರಿಗೆ ಚುಚ್ಚಿ ಲೈನು ಕೂಡಿಸುವ ಆಪರೇಟರು ನಜಮಾ. ಮುರ್ತುಜಸಾಬನ ಒಬ್ಬಳೇ ಮಗಳು.

ಪೊಲೀಸರಿಗೆ ಸುದ್ದಿ ಕೊಟ್ಟವರು ಯಾರೆಂದು ಊರು ಲೆಕ್ಕ ಹಾಕಿ ಮುಗಿಸಲು ಒಂದು ದಿನವೂ ಬೇಕಾಗಲಿಲ್ಲ.

ಮುರ್ತುಜಸಾಬ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನಲವತ್ತು ವರ್ಷ ಲಾಳಿ ಎಸೆದವನು. ಸಾಲಿ ಕಲಿತದ್ದು ನಾಲ್ಕನೇ ಇಯತ್ತೆ. ಉಳಿದದ್ದನ್ನೆಲ್ಲ ಆ ವಾಚನಾಲಯದಲ್ಲಿ, ಪ್ರತಿ ಸಂಜೆ ಒಬ್ಬರು ಓದಿ ಇಪ್ಪತ್ತು ಜನ ಕೇಳುವ ಕೂಟದಲ್ಲಿ ಕಲಿತಿದ್ದ. ಆ ಕೂಟದಲ್ಲಿ ಒಂದು ರೂಢಿಯಿತ್ತು. ಯಾರಾದರೂ 'ಹಿಂಗ ಆತಂತ' ಎಂದರೆ, 'ಅಂತ ಅಂದವರು ಯಾರು, ಅವರಿಗೆ ಹೆಂಗ ಗೊತ್ತಾತು' ಎಂದು ಕೇಳಿಯೇ ಮುಂದೆ ಹೋಗುವುದು. ಈ ರೂಢಿ ಹಾಕಿದವನೇ ಮುರ್ತುಜಸಾಬ. ಈಗ ಅವನ ಮಗಳ ಸುದ್ದಿ ಬಂದಾಗ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಆ ವರ್ಷ ಪೇಪರಿನ ತುಂಬ ಬೆಂಗಳೂರಿನ ದೊಡ್ಡ ದೊಡ್ಡವರ ಫೋನನ್ನು ಸರ್ಕಾರ ಕದ್ದು ಕೇಳಿತೆಂಬ ಗದ್ದಲವಿತ್ತು. ಅದನ್ನು ಕೂಟದಲ್ಲಿ ಗಟ್ಟಿಯಾಗಿ ಓದಿದ್ದರು, ನಕ್ಕಿದ್ದರು. ನಮ್ಮ ಫೋನೂ ಹಂಗೇ ಆಗಿರಬಹುದಲ್ಲ ಎಂದು ಮುರ್ತುಜಸಾಬ ಒಮ್ಮೆ ಬಾಯಿ ಬಿಟ್ಟ. ಚಕ್ಕಡಿ ಹೊಡೆಯುವ ಗುರಪ್ಪ, ಅವರು ಮಂತ್ರಿಗಳು ಮಾರಾಯಾ, ಕಲ್ಲು ಒಡೆಯೋರ ಮಾತು ಕೇಳಾಕ ಸರ್ಕಾರಕ್ಕೇನು ಹುಚ್ಚು ಹಿಡಿದೈತೇನು ಎಂದು ತಿರುಗಿಸಿ ಕೇಳಿದ. ಬಡವನಿಗೆ ಇದೊಂದು ಚಟ. ತನ್ನನ್ನು ತುಳಿಯಲು ಸರ್ಕಾರ ಅಷ್ಟು ತ್ರಾಸು ತೆಗೆದುಕೊಳ್ಳುತ್ತದೆಂದು ಅವನು ನಂಬುವುದೇ ಇಲ್ಲ. ಪಕ್ಕದ ಓಣಿಯ ಹುಡುಗಿಯ ಮೇಲೆ ಸಂಶಯ ಪಡುವುದು ಸೋವಿ, ಕೈಗೆಟಕುವಂಥದು.

ಬಾಯಿ ಬಿಟ್ಟು ಹೇಳಿದವಳು ಹುಲ್ಲಪ್ಪನ ಹೆಂಡತಿ ಸತ್ಯವ್ವ. ನೀರಿನ ನಳದ ಹತ್ತಿರ ಮುರ್ತುಜಸಾಬನನ್ನು ನಿಲ್ಲಿಸಿದಳು.

"ಮುರ್ತುಜ ಕಾಕಾ, ನಿಮ್ಮ ಮಗಳ ಕಿವಿ ಭಾಳ ಉದ್ದ ಅಂತ ಊರೆಲ್ಲಾ ಅಂತಾರ. ನಾ ಅನ್ನಾಕತ್ತಿಲ್ಲ ಮತ್ತ. ಊರು ಅಂತೈತಿ."

ಹನ್ನೊಂದು ದಿನದ ನಂತರ ಹೊರಗೆ ಬಂದ ಹುಲ್ಲಪ್ಪ ಇಷ್ಟು ಕೂಡ ಅನ್ನಲಿಲ್ಲ. ಬೀರಪ್ಪನ ಗುಡಿಗೆ ಹೋಗಿ ಹಣೆಗೆ ಅರಿಷಿಣದ ಭಂಡಾರ ಹಚ್ಚಿಕೊಂಡು ಸೀದಾ ವಾಚನಾಲಯಕ್ಕೆ ಬಂದ, ಚಹಾ ಕುಡಿದ. ಮುಂದೆ ಏನು ಮಾಡುವುದೆಂಬ ಮಾತು ಬಂದಾಗ, ನಾಳೆ ನೋಡೋಣ ಎಂದು ಎದ್ದು ಹೋದ. ಮರುದಿನ ಅವರು ಕೂಡಿದ್ದು ಗುರಪ್ಪನ ಕೊಟ್ಟಿಗೆಯಲ್ಲಿ, ದನಗಳ ನಡುವೆ. ಮುರ್ತುಜಸಾಬನಿಗೆ ಹೇಳಿ ಕಳಿಸಿರಲಿಲ್ಲ.

ಇದು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಊರಿನ ಮೇಲೆ ಸಿಟ್ಟು ಬಂದಿದ್ದರೆ ತಾಳಿಕೊಳ್ಳುತ್ತಿದ್ದ. ಆದರೆ ಅವನಿಗೂ ಖಾತ್ರಿ ಇರಲಿಲ್ಲ. ಮಗಳು ಬೇಕಂತಲೇ ಹೇಳಿರಲಿಕ್ಕಿಲ್ಲ. ಆದರೂ ಮೇಲಿನ ಸಾಹೇಬರು ಬೆದರಿಸಿದರೆ? ನೌಕರಿ ಹೋಗುತ್ತದೆ ಎಂದರೆ? ಇಪ್ಪತ್ನಾಲ್ಕು ವರ್ಷದ ಹುಡುಗಿ. ರೊಟ್ಟಿ ಬಡಿಯುವಾಗ ಅವಳ ಬೆನ್ನು ನೋಡುತ್ತ ಕೂತಿರುತ್ತಿದ್ದ. ಕೇಳಿಬಿಡೋಣ ಎಂದು ಬಾಯಿ ತೆರೆದು, ಉಪ್ಪು ಕೇಳಿ ಸುಮ್ಮನಾಗುತ್ತಿದ್ದ.

ಕೇಳುವುದು ಬಿಟ್ಟು ಪರೀಕ್ಷೆ ಮಾಡಲು ಹೊರಟ.

ಮೊದಲನೇ ಪರೀಕ್ಷೆ ಸರಳವಾಗಿತ್ತು. ವಾಚನಾಲಯದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಜಹಾಂಗೀರನಿಗೆ ಟ್ರಂಕ್ ಕಾಲ್ ಹಚ್ಚಿಸಿದ. ಗುರುವಾರ ಸಂಜೆ ಬೀರಪ್ಪನ ಗುಡಿಯ ಮುಂದೆ ಕೂಲಿಗಳ ಮೀಟಿಂಗು ಇದೆ, ವಕೀಲರಿಗೆ ತಿಳಿಸು ಎಂದ. ಅಂಥ ಮೀಟಿಂಗೇ ಇರಲಿಲ್ಲ. ಹುಲ್ಲಪ್ಪನಿಗೂ ಗೊತ್ತಿಲ್ಲ, ಜಹಾಂಗೀರನಿಗೂ ಅದು ಸುಳ್ಳೆಂದು ಗೊತ್ತಿಲ್ಲ. ಗುರುವಾರ ಸಂಜೆ ನಾಲ್ವರು ಪೊಲೀಸರು ಬಂದು ಗುಡಿಯ ಕಟ್ಟೆಯ ಮೇಲೆ ಕೂತರು. ಇವರಿಗೆ ಇದ್ದಕ್ಕಿದ್ದಂಗ ಭಕ್ತಿ ಯಾಕ ಬಂತು ಎಂದು ಪೂಜಾರಿ ಸೋಜಿಗಪಟ್ಟು, ಒಬ್ಬೊಬ್ಬರ ಹಣೆಗೂ ಭಂಡಾರ ಬಳಿದು ಕಳಿಸಿದ.

ಅಂದರೆ ಸುದ್ದಿ ಸೋರುತ್ತಿರುವುದು ಫೋನಿನಿಂದಲೇ. ಮುರ್ತುಜಸಾಬನಿಗೆ ಇದರಿಂದ ಸಮಾಧಾನವಾಗಲಿಲ್ಲ. ಫೋನಿಗೆ ಎರಡು ತುದಿ. ಒಂದು ತುದಿಯಲ್ಲಿ ತಾನು, ಇನ್ನೊಂದರಲ್ಲಿ ಜಹಾಂಗೀರ. ನಡುವೆ ಮಗಳು. ಸರ್ಕಾರದ ಕಿವಿ ಬೇರೆ ಇದ್ದರೂ ಅದಕ್ಕೂ ಮಗಳ ಕಿವಿಗೂ ಈ ಪರೀಕ್ಷೆ ಭೇದ ಮಾಡುವುದಿಲ್ಲ.

ಆ ಭೇದ ಹೇಗೆ ಮಾಡುವುದೆಂದು ಅವನು ಎಂಟು ದಿನ ಮಗ್ಗದಲ್ಲಿ ಕೂತು ಯೋಚಿಸಿದ. ಅವನು ನೇಯ್ದ ಸೀರೆಯಲ್ಲಿ ಎಳೆ ತಪ್ಪಿದ್ದು ಆ ವಾರವೇ ಮೊದಲು.

ಹೊಳೆದದ್ದು ಒಂದು ಸೋಮವಾರ. ನೂಲು ತರಲು ಹೊರಟವನು ಕೆರೆಯ ದಂಡೆಯ ಮೇಲೆ ಬಂದ. ಊರಿನ ಎತ್ತುಗಳೆಲ್ಲ ಮೈ ತೊಳಸಿಕೊಂಡು ಬೇವಿನ ನೆರಳಿನಲ್ಲಿ ಮಲಕು ಹಾಕುತ್ತಿದ್ದವು. ಚಕ್ಕಡಿಗಳು ನೊಗ ನೆಲಕ್ಕೂರಿ ನಿಂತಿದ್ದವು. ಆ ಸೀಮೆಯಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವ ಹಾಗಿಲ್ಲ. ಮಳೆ ಬಂದು ಬಿತ್ತನೆ ಕಾದು ನಿಂತರೂ ಇಡುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ ನೀರಿನ ಕೊಡ ತಲೆಯ ಮೇಲೆ ಹೊರುತ್ತಾರೆ. ಹಿಂದೂಗಳದಷ್ಟೇ ಅಲ್ಲ, ಮುಸಲ್ಮಾನರ ಎತ್ತುಗಳಿಗೂ ಅವತ್ತು ಸೂಟಿ. ನಜಮಾ ಸಣ್ಣವಳಿದ್ದಾಗ, ಎತ್ತಿಗೆ ಸೋಮವಾರ ಸೂಟಿ ಅದ, ನನ್ನ ಸಾಲಿಗೆ ಯಾಕಿಲ್ಲ ಎಂದು ರಂಪ ಮಾಡಿದ್ದಳು. ಈ ಮಣ್ಣಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತಿದ್ದ ಸಂಗತಿ.

ಮುರ್ತುಜಸಾಬ ಅಲ್ಲೇ ನಿಂತುಬಿಟ್ಟ.

ಮರುದಿನ ಬಸ್ಸು ಹತ್ತಿ ಬಾಗಲಕೋಟೆಗೆ ಹೋದ. ಜಹಾಂಗೀರನನ್ನು ಕೋರ್ಟಿನ ಮುಂದಿನ ಚಹಾದಂಗಡಿಗೆ ಕರೆದು ಎಲ್ಲ ಹೇಳಿದ. ನಿನ್ನ ಮೇಲೂ ಸಂಶಯ ಬಂದಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಬರಬೇಕಾದದ್ದೇ ಎಂದ ಜಹಾಂಗೀರ. ಅವನದು ಪಟ್ಟದಕಲ್ಲಿನ ಕಡೆ ಹೊಲ ಮಾಡುವ ಮನೆತನ. ಹಂಚಿಕೆ ಕೇಳಿ ಚಹಾದ ಬಸಿ ಕೆಳಗಿಟ್ಟು ನಕ್ಕ.

"ಲೇ ಮುರ್ತುಜಾ, ಇದನ್ನ ಕೇಳಿ ನಗದಾಂವ ನಮ್ಮ ಸೀಮಿಯಾಂವ ಅಲ್ಲ ಬಿಡು. ಆದ್ರ ನಾನೂ ಫೋನಿನ್ಯಾಗ ನಗಬಾರದಲ್ಲ, ಅದ ಕಷ್ಟ ಐತಿ."

ಶುಕ್ರವಾರ ಮಧ್ಯಾಹ್ನ ಮುರ್ತುಜಸಾಬ ಫೋನು ಎತ್ತಿದ. ನಂಬರ್ ಪ್ಲೀಸ್ ಎಂದ ಮಗಳ ದನಿ ಕೇಳಿ ಒಂದು ಕ್ಷಣ ಇಟ್ಟುಬಿಡೋಣ ಎನ್ನಿಸಿತು. ಅವಳು ಮನೆಯಲ್ಲಿ ಅಬ್ಬಾ ಎನ್ನುವವಳು, ಬೋರ್ಡಿನ ಮುಂದೆ ಕೂತಾಗ ಅಪ್ಪನಿಗೂ ನಂಬರ್ ಪ್ಲೀಸ್ ಎಂದೇ ಅನ್ನುವಳು. ನಂಬರು ಹೇಳಿದ. ಜಹಾಂಗೀರ ಸಿಕ್ಕ. ಬರುವ ಸೋಮವಾರ ಹೊತ್ತು ಮೂಡುವ ಮೊದಲು ಊರಿನ ನಲವತ್ತು ಚಕ್ಕಡಿ ಹೂಡಿಸಿ, ಗಣಿಯ ಲಾರಿಗಳು ಬರುವ ತಿರುವಿನಲ್ಲಿ ಅಡ್ಡ ನಿಲ್ಲಿಸುತ್ತೇವೆ, ಗುರಪ್ಪ ಎಲ್ಲ ಒಪ್ಪಿಸಿದ್ದಾನೆ ಎಂದು ಒಂದೇ ಉಸಿರಿಗೆ ಹೇಳಿದ. ಹೇಳುವಾಗ ಕೆಮ್ಮು ಬಂತು. ಭಾಳ ಚಲೋ ಆತು ಎಂದ ಜಹಾಂಗೀರನ ದನಿ ನಡುಗಿತು, ನಗು ತಡೆದು.

ಈ ಮಾತು ನಜಮಾಳ ಕಿವಿಗೆ ಬಿದ್ದು ಅವಳು ಯಾರಿಗಾದರೂ ಹೇಳುವವಳಾಗಿದ್ದರೆ ಒಂದೋ ಬಿಟ್ಟುಬಿಡುತ್ತಾಳೆ, ಇಲ್ಲವೇ ಇದು ಸುಳ್ಳು ಎಂದು ಸೇರಿಸಿಯೇ ಹೇಳುತ್ತಾಳೆ. ಪೊಲೀಸರು ಬರುವುದಿಲ್ಲ. ಬಂದರೆ, ಅದನ್ನು ಕೇಳಿದ ಕಿವಿ ಸೋಮವಾರ ಎಂದರೇನೆಂದು ಗೊತ್ತಿಲ್ಲದ ಕಿವಿ. ಶನಿವಾರ, ಆದಿತ್ಯವಾರ ಎರಡೂ ದಿನ ಮುರ್ತುಜಸಾಬ ಪೊಲೀಸರು ಬರಲಿ ಎಂದು ದುವಾ ಮಾಡಿದ. ಕೂಲಿಗಳ ಕಡೆಯವನೊಬ್ಬ ಪೊಲೀಸರು ಬರಲೆಂದು ಬೇಡಿಕೊಂಡದ್ದು ಆ ಸೀಮೆಯಲ್ಲಿ ಅದೇ ಮೊದಲಿರಬೇಕು.

ಸೋಮವಾರ ಬೆಳಕು ಹರಿಯುವುದರೊಳಗೆ ಎರಡು ವ್ಯಾನು ಬಂದು ಗಣಿ ತಿರುವಿನಲ್ಲಿ ನಿಂತವು. ಲಾಠಿ, ಹೆಲ್ಮೆಟ್ಟು, ಬೆತ್ತದ ಗುರಾಣಿ. ನಡುವೆ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹೊಸ ಫೌಜದಾರ. ಬಿಸಿಲೇರಿತು. ಲಾರಿಗಳು ಹೋದವು, ಬಂದವು. ಒಂದು ಚಕ್ಕಡಿಯೂ ಬರಲಿಲ್ಲ. ಕೆರೆಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ ಹುಡುಗರು ಪೊಲೀಸರನ್ನೇ ನೋಡುತ್ತ ಕೂತರು. ಬುತ್ತಿ ಹೊತ್ತು ಹೋಗುತ್ತಿದ್ದ ಹೆಂಗಸರು, ಯಾರ ಮದಿವಿ ಐತ್ರಿ ಎಂದು ಕೇಳಿ ಮುಂದೆ ಹೋದರು. ಮಧ್ಯಾಹ್ನ ಊಟದ ಹೊತ್ತಿಗೆ ವ್ಯಾನುಗಳು ತಿರುಗಿದವು.

ದೂರದ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡಿದ ಮುರ್ತುಜಸಾಬನಿಗೆ ಅಳು ಬಂತು. ಸಮಾಧಾನದ ಅಳುವೋ ನಾಚಿಕೆಯದೋ ಅವನಿಗೇ ತಿಳಿಯಲಿಲ್ಲ.

ಉಳಿದ ಒಂದು ಎಳೆಯನ್ನು ಕೂಡಿಸಿದವನು ಹವಾಲ್ದಾರ ಅಂದಾನಪ್ಪ. ರಾಮಥಾಳದ ಒಕ್ಕಲಿಗರ ಮಗ, ನಿವೃತ್ತಿಗೆ ಎರಡು ವರ್ಷ ಬಾಕಿ. ಮಗಳಿಗೆ ಸೀರೆ ನೋಡುವ ನೆವ ಮಾಡಿಕೊಂಡು ಬುಧವಾರ ಮಗ್ಗದ ಮನೆಗೆ ಬಂದ. ಸೆರಗು ಹಿಡಿದು ನೋಡುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದ. ಸಾಹೇಬ್ರ, ಇವತ್ತು ಸೋಮವಾರ ಐತ್ರಿ, ಯಾರೂ ಎತ್ತು ಹೂಡಂಗಿಲ್ಲ ಎಂದು ತಾನು ಬಡಕೊಂಡನಂತೆ. ಫೌಜದಾರ, ನೀನೂ ಅವರ ಕಡೆಯವನೇನು ಎಂದು ನಾಲ್ಕು ಮಂದಿ ಹುಡುಗರ ಮುಂದೆ ಬೈದ. ಮೂವತ್ತೊಂದು ವರ್ಷ ನೌಕರಿ ಮಾಡಿದವನಿಗೆ.

"ಕಾಗದ ತೋರಿಸಿದಾ ಮುರ್ತುಜಣ್ಣಾ. ಟೈಪ್ ಹೊಡದದ್ದು. ಊರ ಹೊರಗಿನ ಸರ್ಕಾರಿ ಬಂಗ್ಲೇದಾಗ ಎರಡ ತಿಂಗಳಿಂದ ಒಬ್ಬಾಂವ ಕುಂತಾನಲ್ಲ, ಊಟಕ್ಕೂ ಹೊರಗ ಬರದಾಂವ, ಅವನ ಹೊಡದದ್ದು. ಎಷ್ಟ ಗಂಟೇಕ ಫೋನು ಎತ್ತಿದಿ, ಎಷ್ಟಕ್ಕ ಇಟ್ಟಿ, ಎಲ್ಲಾ ಐತಿ. ನೀ ಕೆಮ್ಮಿದ್ದೂ ಬರದಾನ."

ಸೀರೆಯನ್ನು ಮಡಚಿಟ್ಟು, ರೇಟು ಜಾಸ್ತಿ ಆತು ಎಂದು ಗಟ್ಟಿಯಾಗಿ ಹೇಳಿ ಎದ್ದು ಹೋದ.

ಅವತ್ತು ಸಂಜೆ ಮುರ್ತುಜಸಾಬ ಕೂಟದ ನಡುವೆ ನಿಂತು ತಾನು ಮಾಡಿದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಿದ. ಹವಾಲ್ದಾರನ ಹೆಸರು ಮಾತ್ರ ಹೇಳಲಿಲ್ಲ. ನಲವತ್ತು ಚಕ್ಕಡಿ ಎಂದಾಗ ಗುರಪ್ಪ ಬಿದ್ದು ಬಿದ್ದು ನಕ್ಕ. ನನ್ನ ಹೆಸರು ಹಾಕಿ ಬಸವಣ್ಣನ ಕೂಡ ಜಗಳ ಹಚ್ಚಿದೆಲ್ಲೋ ಸಾಬಾ ಎಂದ. ಹುಲ್ಲಪ್ಪ ನಗಲಿಲ್ಲ. ಎದ್ದು ಬಂದು ಮುರ್ತುಜಸಾಬನ ಎರಡೂ ಕೈ ಹಿಡಿದುಕೊಂಡ. ಅಷ್ಟು ಹೊತ್ತಿಗೆ, ಹೊರಗೆ ನಿಂತು ಇದನ್ನೆಲ್ಲ ಕೇಳಿದ ಸತ್ಯವ್ವ ಎಕ್ಸ್‌ಚೇಂಜಿನ ಬಾಗಿಲಿಗೆ ಹೋಗಿ, ಪಾಳಿ ಮುಗಿಸಿ ಹೊರಗೆ ಬಂದ ನಜಮಾಳ ಮುಂದೆ ನಿಂತು, ನನ್ನ ನಾಲಿಗಿಗೆ ಬರಿ ಹಾಕವ್ವಾ ಎಂದಿದ್ದಳು.

ನಜಮಾಳಿಗೆ ಸಂಗತಿ ತಿಳಿದದ್ದು ಹಾಗೆ, ಬೀದಿಯಲ್ಲಿ. ಮನೆಗೆ ಬಂದು ಚಪ್ಪಲಿ ಬಿಟ್ಟು ಕೈಕಾಲು ತೊಳೆದು ಒಲೆ ಹಚ್ಚಿದಳು. ಮುರ್ತುಜಸಾಬ ಹೊಸ್ತಿಲ ಹತ್ತಿರ ಕೂತು ಕಾದ.

"ನನ್ನ ಕೇಳಬೇಕಾಗಿತ್ತು ಅಬ್ಬಾ," ಎಂದಳು, ಒಲೆಯ ಕಡೆ ಮುಖ ಮಾಡಿಯೇ.

"ಕೇಳಿದ್ರ ನೀ ಇಲ್ಲ ಅಂತಿದ್ದಿ."

"ಹೂಂ. ಆಮ್ಯಾಲ ನೀ ನಂಬಬೇಕಾಗಿತ್ತು."

ರೊಟ್ಟಿ ತಿರುವಿ ಹಾಕುತ್ತ ಅವಳೇ ಹೇಳಿದಳು. ಎರಡು ತಿಂಗಳ ಹಿಂದಿನಿಂದ ವಾಚನಾಲಯದ ಲೈನು ಕೂಡಿಸಿದ ಕೂಡಲೇ ದನಿ ಸಣ್ಣದಾಗುತ್ತಿತ್ತು, ಒಂದೇ ತಂತಿಗೆ ಇನ್ನೊಂದು ಕಿವಿ ಹಚ್ಚಿದರೆ ಆಗುವ ಹಾಗೆ. ಎಕ್ಸ್‌ಚೇಂಜಿನ ದೋಷದ ಪುಸ್ತಕದಲ್ಲಿ ಅದನ್ನು ತಾರೀಖು ಹಾಕಿ ಮೂರು ಸಲ ಬರೆದಿದ್ದಳು. ಲೈನ್‌ಮನ್ ಲಕ್ಷ್ಮಪ್ಪ ಕಂಬ ಹತ್ತಲು ಹೋದಾಗ ಮೇಲಿನವರು ತಿರುಗಿ ಕರೆಸಿದ್ದರು. ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದರೆ, ಬೋರ್ಡಿನ ಮಾತು ಬೋರ್ಡಿನಲ್ಲೇ ಬಿಟ್ಟು ಬರುತ್ತೇನೆ ಎಂದು ನೌಕರಿಗೆ ಸೇರುವಾಗ ಬರೆದುಕೊಟ್ಟಿದ್ದಳು. ಬರೆದುಕೊಟ್ಟ ಮಾತಿಗೆ ಮಗಳು ನಿಂತಿದ್ದಳು. ಅದನ್ನೇ ಅಪ್ಪ ಕಳ್ಳತನವೆಂದು ತಿಳಿದಿದ್ದ.

ರೊಟ್ಟಿ ಬಡಿಸಿದಳು. ಅವನು ತಿಂದ. ಆ ಮೇಲೆ ಎಷ್ಟೋ ದಿನ ಅವರು ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಜಹಾಂಗೀರ ಇದನ್ನೆಲ್ಲ ಬರೆದು ಒಂದು ವಾರಪತ್ರಿಕೆಗೆ ಕಳಿಸಿದ. ಕಡೇ ಪುಟದ ಮೂಲೆಯಲ್ಲಿ ಅಚ್ಚಾಯಿತು. ಸರ್ಕಾರಿ ಬಂಗ್ಲೆಯಲ್ಲಿದ್ದವನು ಮರುದಿನವೇ ಪೆಟ್ಟಿಗೆ ಕಟ್ಟಿಕೊಂಡು ಹೋದ. ಹದಿನೈದು ದಿನಕ್ಕೆ ಟೆಲಿಫೋನ್ ಇಲಾಖೆಯ ದೊಡ್ಡ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಎಕ್ಸ್‌ಚೇಂಜಿಗೆ ಹೋಗದೆ ನೇರ ಮುರ್ತುಜಸಾಬನ ಮನೆಗೇ ಬಂದರು. ನಜಮಾಳಿಗೆ ಅವತ್ತು ವಾರದ ಸೂಟಿ. ಸಾಹೇಬರು ಮಗ್ಗ ನೋಡಿ ಹೊಗಳಿದರು, ಕೊಟ್ಟ ಚಹಾ ಕುಡಿದರು. ಆಮೇಲೆ ಫೈಲಿನಿಂದ ಒಂದು ಕಾಗದ ತೆಗೆದು ಚಾಪೆಯ ಮೇಲಿಟ್ಟು ಪೆನ್ನು ಬಿಚ್ಚಿದರು.

ಕಾಗದದಲ್ಲಿದ್ದದ್ದು ಇದು. ಕುತೂಹಲದಿಂದ ನಾನು ಚಂದಾದಾರರ ಮಾತು ಕೇಳಿದ್ದೇನೆ, ಹೊರಗಿನವರ ಮುಂದೆ ಆಡಿದ್ದೇನೆ, ಲೈನಿಗೆ ಬೇರೆ ಯಾವ ತಂತಿಯೂ ಇರಲಿಲ್ಲ, ದೋಷದ ಪುಸ್ತಕದಲ್ಲಿ ಬರೆದದ್ದು ನನ್ನ ತಪ್ಪು ತಿಳುವಳಿಕೆ. ಕೆಳಗೆ ನಜಮಾಳ ಹೆಸರು ಟೈಪಾಗಿತ್ತು, ಸಹಿಯ ಜಾಗ ಖಾಲಿ.

ಸಾಹೇಬರು ಕೆಟ್ಟ ಮನುಷ್ಯರ ಹಾಗೆ ಕಾಣುತ್ತಿರಲಿಲ್ಲ. ಮೆತ್ತಗೆ ವಿವರಿಸಿದರು. ಸಹಿ ಮಾಡಿದರೆ ಬಾದಾಮಿಗೆ ವರ್ಗ, ಒಂದು ಎಚ್ಚರಿಕೆಯ ಪತ್ರ, ಅಷ್ಟೇ. ನೌಕರಿ ಉಳಿಯುತ್ತದೆ, ವರ್ಷ ಕಳೆದರೆ ಎಲ್ಲರೂ ಮರೆಯುತ್ತಾರೆ. ಸಹಿ ಮಾಡದಿದ್ದರೆ ನಾಳೆ ಬೆಳಿಗ್ಗೆ ಅಮಾನತ್ತು, ವಿಚಾರಣೆ. ಅದು ಎಲ್ಲಿ ಮುಗಿಯುತ್ತದೋ ತಮಗೂ ಗೊತ್ತಿಲ್ಲ. ನಜಮಾ ಪೆನ್ನು ಮುಟ್ಟದಿದ್ದಾಗ ಅಪ್ಪನ ಕಡೆ ತಿರುಗಿದರು.

"ನೀವು ಹಿರಿಯರು, ತಂದೆ. ಸ್ವಲ್ಪ ಬುದ್ಧಿ ಹೇಳಿ."

ಮುರ್ತುಜಸಾಬನ ಮನಸ್ಸು ಒಂದು ಗಳಿಗೆ ಬಾದಾಮಿಗೆ ಹೋಗಿ ಬಂತು. ಅಲ್ಲಿ ದೂರದ ನೆಂಟರ ಮನೆಯಿದೆ, ಹಗಲು ಬಸ್ಸಿದೆ, ತಿಂಗಳಿಗೆ ಪಗಾರ ಬರುತ್ತದೆ. ತನ್ನ ಕಣ್ಣು ಈಗಲೇ ಮಂಜಾಗಿದೆ, ಮಗ್ಗ ಇನ್ನು ನಾಲ್ಕು ವರ್ಷ ನಡೆದರೆ ಹೆಚ್ಚು. ಕಾಗದವನ್ನು ನೋಡಿದ. ಆ ಕಾಗದದಲ್ಲಿ ಬರೆದದ್ದನ್ನು ಸರ್ಕಾರಕ್ಕಿಂತ ಮೊದಲು ಊರು ಹೇಳಿತ್ತು, ಊರಿನ ಜೊತೆ ತಾನೂ ಮನಸ್ಸಿನಲ್ಲಿ ಹೇಳಿಕೊಂಡಿದ್ದ. ಮಗಳು ಸಾಹೇಬರನ್ನು ನೋಡುತ್ತಿರಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು.

"ಆಕಿನ್ನ ಕೇಳದನ ನಾ ಒಮ್ಮಿ ತಪ್ಪು ಮಾಡೇನ್ರಿ," ಎಂದ ಮುರ್ತುಜಸಾಬ. "ನಾ ಹೇಳಂಗಿಲ್ಲ. ನೀವ ಆಕಿನ್ನ ಕೇಳ್ರಿ."

ನಜಮಾ ಕಾಗದ ಎತ್ತಿಕೊಂಡು ಮೊದಲಿನಿಂದ ಓದಿದಳು. ಮತ್ತೊಮ್ಮೆ ಓದಿದಳು. ಸಾಹೇಬರು ಪೆನ್ನನ್ನು ಅವಳ ಕಡೆ ಸರಿಸಿದರು.

"ಇದರಾಗ ಬರದದ್ದು ನಾ ಮಾಡಿಲ್ರಿ. ಸಹಿ ಮಾಡಂಗಿಲ್ಲ."

ಸಾಹೇಬರು ನಿಟ್ಟುಸಿರು ಬಿಟ್ಟು ಹೊರಗೆ ಜೀಪಿನ ಕಡೆ ನೋಡಿದರು. ದನಿ ಇನ್ನಷ್ಟು ಇಳಿಸಿ, ಸರಿ, ಇದು ಬೇಡ, ನಾಳೆ ಆ ಪುಸ್ತಕದಲ್ಲಿ ನೀನು ಬರೆದ ಮೂರು ಸಾಲಿಗೆ ನಿನ್ನ ಕೈಯಾರೆ ಗೆರೆ ಎಳೆದುಬಿಡು, ಮಿಕ್ಕದ್ದನ್ನು ನಾನು ನೋಡಿಕೊಳ್ಳುತ್ತೇನೆ, ಮೂರೇ ಸಾಲಮ್ಮಾ ಎಂದರು.

ನಜಮಾ ಕಾಗದವನ್ನು ಅದರ ಮಡಿಕೆಗೆ ಸರಿಯಾಗಿ ಮಡಚಿ ಅವರ ಫೈಲಿನ ಮೇಲಿಟ್ಟಳು.

"ಗೆರಿನೂ ಎಳಿಯಂಗಿಲ್ರಿ," ಎಂದಳು.